ಸೆನೆಟರ್ ಹ್ಯಾಡ್ಲಿಯ ಕುರ್ಚಿ

೧. ಎಲ್ಲಿಂದ ಶುರು ಮಾಡಲಿ? ವಾಷಿಂಗ್ಟನ್ನಿನ ಬಿಳಿ ಗುಮ್ಮಟದಿಂದ ಶುರು ಮಾಡಿದ್ದೆ. ಎರಡು ಪುಟ ಆಗುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಹರಿದುಹಾಕಿ ನಮ್ಮ ಗಣಿಯೂರು ಲಿಕ್‌ಫೋರ್ಕಿನ ಫೈರ್ ಸ್ಟೇಷನ್ನಿಗೆ ಬಂದಿದ್ದೇನೆ. ಇಲ್ಲಿ ಸಭೆಯಿದೆ, ಬಿಸಿ ಬೀನ್ಸ್ ಸೂಪೂ ಇದೆ.

೨. ವಿಷಯ ಇಷ್ಟು. ಹೊಸ ಅಧ್ಯಕ್ಷರು ಕಾರ್ಮಿಕ ಸಚಿವನ ಹುದ್ದೆಗೆ ಗಣಿ ಮಾಲೀಕನೊಬ್ಬನನ್ನು ಹೆಸರಿಸಿದ್ದಾರೆ. ಗಣಿಯ ದೂಳಿಗೆ ಮಿತಿ ಹಾಕಿದ ನಿಯಮವನ್ನು ಕಿತ್ತೊಗೆಯುತ್ತೇನೆ ಎಂದವನು ಅವನು. ಸೆನೆಟ್ ಒಪ್ಪಬೇಕು, ನಾಳೆ ಮತದಾನ. ಒಂದೇ ಒಂದು ವೋಟಿನಲ್ಲಿ ತೂಗಾಡುತ್ತಿದೆ, ಅದು ನಮ್ಮ ರಾಜ್ಯದ ಸೆನೆಟರ್ ಹ್ಯಾಡ್ಲಿಯದು. ಹ್ಯಾಡ್ಲಿ ವಿರೋಧ ಪಕ್ಷದವರು. ವಿರೋಧಿಸುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡುತ್ತಾರೆ.

೩. ನಮ್ಮೂರಿನ ವರ್ಲೀನ್, ಇವನಿಗೆ ವೋಟು ಹಾಕಬೇಡಿ ಎಂದು ದಿನಾ ಬೆಳಿಗ್ಗೆ ಅವರ ಕಚೇರಿಗೆ ಫೋನ್ ಮಾಡುತ್ತಾಳೆ. ಗಂಡ ಓಡೆಲ್‌ನ ಎದೆಯನ್ನು ಗಣಿಯ ದೂಳು ತಿಂದಿದೆ. ಆಕ್ಸಿಜನ್ ಮಶೀನ್ ಇಲ್ಲದೆ ಅವನು ಬಾಗಿಲವರೆಗೂ ಹೋಗಲಾರ. ಮಗ ಕೋಡಿ ಈಗ ಅದೇ ಗಣಿಗೆ ಇಳಿಯುತ್ತಾನೆ.

(ಎರಡನೇ ಡ್ರಾಫ್ಟಿನಲ್ಲಿ ಓಡೆಲ್‌ನನ್ನು ಸಾಯಿಸಿದ್ದೆ. ಓದುಗರು ಅಳಲಿ ಎಂಬ ದುರಾಸೆ. ವರ್ಲೀನ್ ಜಗಳಕ್ಕೇ ಬಂದಳು.)

"ಅವನನ್ನ ಯಾಕೆ ಸಾಯಿಸ್ದೆ?"

"ಸೆನೆಟರ್ ಮನಸ್ಸು ಕರಗಲಿ ಅಂತ, ವರ್ಲೀನಕ್ಕ."

"ಸತ್ತೋರಿಗೆ ಅವ್ರು ಹೂವು ಕಳಿಸ್ತಾರೆ, ವೋಟ್ ಹಾಕಲ್ಲ. ಎಬ್ಬಿಸು. ಸಭೆಗೆ ಹೊತ್ತಾಗ್ತಿದೆ."

ಎಬ್ಬಿಸಿದೆ.

೪. ಕರೆದರೂ ಸೆನೆಟರ್ ಸಭೆಗೆ ಬರಲಿಲ್ಲ. ಹೀಗೆ ಬಾರದವರಿಗೆ ನಮ್ಮವರು ಒಂದು ಕುರ್ಚಿ ಹಾಕಿ, ಹೆಸರು ಅಂಟಿಸಿ, ಪ್ರಶ್ನೆಗಳನ್ನು ಅದಕ್ಕೇ ಕೇಳುತ್ತಾರೆ. ಹ್ಯಾಡ್ಲಿಯ ಕಚೇರಿಯ ಕೆಂಡ್ರಾ ಜನರ ಹಿಂದೆ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು.

ಓಡೆಲ್‌ನ ಮಶೀನಿನ ಬ್ಯಾಟರಿ ಇಳಿದಿತ್ತು. ಪ್ಲಗ್ ಹಾಕುವ ಜಾಗ ಇದ್ದದ್ದು ಆ ಕುರ್ಚಿಯ ಹಿಂದೆ ಮಾತ್ರ. ಹೋಗಿ ಅದರಲ್ಲೇ ಕೂತ.

"ಅದು ಸೆನೆಟರ್ ಕುರ್ಚಿ ಕಣೋ," ಎಂದರು ಯಾರೋ.

"ಬಂದ್ರೆ ಏಳ್ತೀನಿ ಬಿಡು."

ಜನ ನಕ್ಕರು. ವರ್ಲೀನ್ ನಗಲಿಲ್ಲ. ತನ್ನ ಸರದಿ ಬಂದಾಗ ಮೈಕ್ ಹಿಡಿದು ಗಂಡನ ಮುಂದೆ ನಿಂತಳು.

"ಸೆನೆಟರೇ, ನನ್ನ ಗಂಡನ ಎದೆ ಹೋಯ್ತು. ಮಗನ್ದು ಇನ್ನೂ ಚೆನ್ನಾಗಿದೆ. ಆ ಗಣಿ ಮಾಲೀಕ ಬೇಡ ಅಂತೀರೋ ಇಲ್ವೋ?"

ಓಡೆಲ್ ಬಾಯಿ ತೆರೆದ. ಉಸಿರು ಸಾಲಲಿಲ್ಲ. ಮತ್ತೆ ತೆರೆದ. ಮಶೀನೊಂದೇ ಸದ್ದು ಮಾಡುತ್ತಿತ್ತು.

"ಬೇಡ," ಎಂದ ಕೊನೆಗೆ.

(ಇದು ನನ್ನ ಪ್ಲಾನಿನಲ್ಲಿರಲಿಲ್ಲ. ನನಗೆ ಅಳು ಬಂತು. ಓದುಗರನ್ನು ಅಳಿಸಲು ಹೊರಟವನಿಗೆ ತಕ್ಕ ಶಾಸ್ತಿ.)

ಕೆಂಡ್ರಾ ಫೋನ್ ಇಳಿಸಿದಳು. "ಈ ವಿಡಿಯೋ ಈಗ್ಲೇ ಸೆನೆಟರ್‌ಗೆ ಕಳಿಸ್ತೀನಿ ಆಂಟಿ. ಅವ್ರು ನೋಡ್ತಾರೋ ಇಲ್ವೋ, ಹೇಳಕ್ಕಾಗಲ್ಲ."

೫. ಕೊನೆ, ಒಂದು: ಹ್ಯಾಡ್ಲಿ ವಿಡಿಯೋ ನೋಡಿ ವಿರುದ್ಧ ವೋಟು ಹಾಕುತ್ತಾರೆ. (ಇಂಥ ಸೆನೆಟರನ್ನು ನಾನಂತೂ ಕಂಡಿಲ್ಲ.)

ಕೊನೆ, ಇನ್ನೊಂದು: ಪರವಾಗಿ ವೋಟು ಹಾಕಿ, ಕಾರ್ಮಿಕರ ಮೇಲೆ ತಮಗೆಷ್ಟು ಪ್ರೀತಿ ಎಂದು ಹೇಳಿಕೆ ಕೊಡುತ್ತಾರೆ. (ಬರೆಯಲು ಕೈ ಬರುತ್ತಿಲ್ಲ. ಕೋಡಿಯ ಮುಖ ನೋಡಿದ್ದೇನೆ.)

೭. ಆರನೆಯದನ್ನು ವರ್ಲೀನ್ ತೆಗೆಸಿದಳು. ಅದರಲ್ಲಿ 'ಮುಗಿಯಿತು' ಎಂದು ಬರೆದಿದ್ದೆ.

"ಮುಗೀತು ಅಂದ್ರೆ ಜನ ಫೋನ್ ಮಾಡೋದು ಬಿಡ್ತಾರೆ," ಎಂದಳು.

"ಎಲ್ಲಾದ್ರೂ ನಿಲ್ಲಿಸ್ಬೇಕಲ್ಲ, ಅಕ್ಕ?"

"ಕಥೆ ಎಲ್ಲಿ ಬೇಕಾದ್ರೂ ನಿಲ್ಲಿಸ್ಕೊ. ಅವನ ಮಶೀನ್ ನಿಲ್ಲಿಸ್ಬೇಡ."

ಪ್ಲಗ್ಗನ್ನು ಕೀಳದೆ ಹಾಗೇ ಬಿಟ್ಟಿದ್ದೇನೆ. ಓಡೆಲ್ ಇನ್ನೂ ಸೆನೆಟರ್ ಕುರ್ಚಿಯಲ್ಲೇ ಕೂತಿದ್ದಾನೆ. ವರ್ಲೀನ್ ಮತ್ತೆ ಹ್ಯಾಡ್ಲಿಯ ಕಚೇರಿಗೆ ಡಯಲ್ ಮಾಡಿದ್ದಾಳೆ. ಅತ್ತ ರಿಂಗ್ ಆಗುತ್ತಿದೆ.