ದಿಕ್ಕು ಅವನದು, ಗುರುತು ಅವಳದು

ಸಹಾರಾದಲ್ಲಿ ಆಡು ಮೇಯಿಸಿಕೊಂಡು, ಗುಡಾರ ಹೊತ್ತು ತಿರುಗಿದ ಸಂಸಾರ ಅದು. ಊಕ್ಸೆಮ್‌ನದು ದಿಕ್ಕಿನ ತಲೆ. ಮರ ಬಂಡೆ ಯಾವುದನ್ನೂ ನೋಡದೆ ನೆಟ್ಟಗೆ ಬಾವಿಯ ಬಾಯಿಗೇ ಹೋಗಿ ನಿಲ್ಲುತ್ತಿದ್ದ. ಹೆಂಡತಿ ಫದೀಮತಳಿಗೆ ದಾರಿಯೆಂದರೆ ಕವಲು ಜಾಲಿ, ಕೆಂಪು ಬಂಡೆ, ಯಾರ ಮದುವೆಗೆ ಹೋಗುವಾಗ ಒಂಟೆ ಎಲ್ಲಿ ಮುಗ್ಗರಿಸಿತು ಎಂಬ ನೆನಪು.

"ಆ ಜಾಲಿ ಕಡಿದ್ರೆ ಏನ್ ಮಾಡ್ತೀಯೇ? ಹೆಂಗಸರ ದಾರಿಯೇ ಇಷ್ಟು," ಎಂದು ಅವನು ಕಿಚಾಯಿಸುತ್ತಿದ್ದ.

"ಮೊದಲು ನಿನ್ನ ಚಪ್ಪಲಿ ಎಲ್ಲಿ ಬಿಟ್ಟೆ ನೆನಪು ಮಾಡ್ಕೋ, ಹೋಗಯ್ಯ!"

ಹಾಳು ಬಾಯಿ, ಆಡಿದ್ದು ನಿಜವಾಯಿತು. ಇದ್ದಿಲಿಗೆಂದು ಯಾರೋ ಆ ಜಾಲಿಯನ್ನು ಬುಡಸಮೇತ ಕಿತ್ತಿದ್ದರು. ಅದರ ಆಸುಪಾಸಿನಲ್ಲೇ, ಜ್ವರದಲ್ಲಿ ತೀರಿಕೊಂಡ ಮಗಳು ರೈಷಾಳನ್ನು ಅವರು ಮಣ್ಣು ಮಾಡಿದ್ದು. ಬಾವಿ ಬತ್ತಿದ ಮೇಲೆ ಈ ಕಡೆ ಬಂದಿರಲಿಲ್ಲ. ನಾಳೆ ಫದೀಮತಳ ತಮ್ಮನ ಲಾರಿ ಬರುತ್ತದೆ, ಪಟ್ಟಣ ಸೇರಿದರೆ ಮತ್ತೆ ಬರುವುದಿಲ್ಲ. ಒಮ್ಮೆ ಮಗಳನ್ನು ನೋಡಿಯೇ ಹೋಗಬೇಕೆಂದು ಫದೀಮತ ಬೆಳಗಿನಿಂದ ಸುತ್ತಿ ಸುತ್ತಿ ಸೋತಿದ್ದಳು. ಗಂಡನನ್ನು ಕೇಳೋಣವೆಂದರೆ ಅವನಿಗೆ ಮರೆವಿನ ರೋಗ. ಮಗಳ ಹೆಸರೆತ್ತಿದರೆ ಸುಮ್ಮನೆ ಮುಖ ನೋಡುತ್ತಾನೆ.

"ಎಲ್ಲಿಗೆ ಹೋಗ್ಬೇಕೇ ನಿಂಗೆ?" ಎಂದ.

"ಹಳೇ ಬಾವಿಯಿಂದ ಹೊರಟು ಮೊದಲು ಆ ಜಾಲಿ ಹತ್ರ ಗುಡಾರ ಹಾಕಿದ್ವಲ್ಲ, ಅಲ್ಲಿಗೆ."

"ಅಷ್ಟೇ ತಾನೆ?"

ಮುಖಕ್ಕೆ ಸುತ್ತಿದ್ದ ಮುಸುಕು ಸರಿಸಿ ಗಾಳಿಗೆ ಕೆನ್ನೆಯೊಡ್ಡಿದ. ಮರಳಿನ ಗೆರೆಗಳನ್ನು ಕಾಲಿನಿಂದ ಸವರಿ ನೋಡಿ ನಡೆಯತೊಡಗಿದ. ಹಿಂದಿನ ಊಕ್ಸೆಮ್‌ನದೇ ನಡಿಗೆ. ಅವಳು ಅವನ ನಿಲುವಂಗಿಯ ತುದಿ ಹಿಡಿದು ಹಿಂದೆಯೇ ಹೋದಳು.

"ಇಲ್ಲೇ," ಎಂದು ಅವನು ನಿಂತ.

ಅವಳು ಕೂತು ಮರಳು ಕೆದಕಿದಳು. ಗೋರಿಯ ಸುತ್ತ ಜೋಡಿಸಿದ್ದ ಕಲ್ಲುಗಳು ಕಂಡವು, ಬೀಸುಕಲ್ಲಿನ ಒಡೆದ ಅರ್ಧ ಕೈಗೆ ಸಿಕ್ಕಿತು. ಮಗಳ ತಲೆದೆಸೆಗೆ ತಾನೇ ನೆಟ್ಟ ಕಲ್ಲು! ಅದನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಯಾರದ್ದೇ ಇದು? ಇಷ್ಟು ಪುಟ್ಟದು."

"ರೈಷಾಳದು."

"ಪಾಪ. ಹೆತ್ತೋರು ಹೇಗೆ ತಡ್ಕೊಂಡ್ರೋ."

ಈ ಗುಂಡಿ ತೋಡಿದ್ದು ಅವನದೇ ಕೈ. ಆ ದಿನ ಮಗುವನ್ನು ಕೆಳಗಿಳಿಸಲು ಒಪ್ಪದೆ ಸಂಜೆಯವರೆಗೆ ಎದೆಗೆ ಒತ್ತಿಕೊಂಡು ಕೂತವನೂ ಅವನೇ. ಮಗಳು ಸಿಕ್ಕಳು, ಜೊತೆಗೆ ಅಳುವವನು ಇಲ್ಲವಾದ.

ಅವನು ಒಂದು ಕಲ್ಲು ಆರಿಸಿ, ಬೇರೆಯವರ ಗೋರಿಗೆ ಇಡುವಂತೆ ಮರ್ಯಾದೆಯಿಂದ ಇಟ್ಟ.

"ಅವರಿನ್ನೂ ಇದ್ದಾರಾ, ಆ ಅಪ್ಪ ಅಮ್ಮ?"

"ಅಮ್ಮ ಇದ್ದಾಳೆ," ಎಂದಳು.