ಗಾಳಿ ಆಡುವ ಜೇಬು

ಬೀದಿಗೆ ತೆರೆದುಕೊಂಡ ಮುಂಕೋಣೆಯೇ ಅವಳ ಹೊಲಿಗೆ ಅಂಗಡಿ. ಗಂಡ ಕಾರ್ಖಾನೆಗೆ ಹೊರಟ ಮೇಲೆ ಮೆಷಿನ್ನಿನ ಮುಂದೆ ಕೂತಳೆಂದರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೈದುನ ಬಂದು ಹಳೆಯ ಉದ್ದನೆಯ ಕೋಟೊಂದನ್ನು ಮೇಜಿನ ಮೇಲೆ ಹಾಸಿದ.

"ಅತ್ತಿಗೆ, ಇದರ ಒಳಗಡೆ ಸುತ್ತಲೂ ಸಣ್ಣ ಜೇಬು ಬೇಕು. ಮೂರು ಬೆರಳು ಹಿಡಿದ್ರೆ ಸಾಕು. ಬಾಯಿಗೆ ಬಲೆಬಟ್ಟೆ ಹಾಕಿ, ಗಾಳಿ ಆಡ್ಬೇಕು."

"ಈ ಸೆಕೇಲಿ ಕೋಟು ಹಾಕ್ಕೊಂಡು ಎಲ್ಲಿಗಪ್ಪಾ ಸವಾರಿ?"

"ಅತ್ತರಿನ ಶೀಶೆ ಸಾಗಿಸೋ ಕೆಲಸ. ರೈಲಲ್ಲಿ ಒಡೀಬಾರ್ದು ನೋಡಿ."

ಶೀಶೆಗೆ ಗಾಳಿ ಯಾಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಗಂಡ ಹಾಸಿಗೆ ಹಿಡಿದಿದ್ದಾಗ ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು ಇವನೇ. ಅಂಥವನನ್ನು ಕೆದಕಿ ಕೇಳುವುದು ಹೇಗೆ? ಮೃದುವಾದ ಬಟ್ಟೆಯನ್ನೇ ಹುಡುಕಿ, ಅಚ್ಚುಕಟ್ಟಾಗಿ ಹೊಲಿದುಕೊಟ್ಟಳು.

ಆಮೇಲೆ ಅವನು ಎಷ್ಟು ಸಲ ಹೋಗಿಬಂದನೋ. ಒಂದು ಮಧ್ಯಾಹ್ನ ಕೋಟಿನ ಜೊತೆ ಬಟ್ಟೆ ಸುತ್ತಿದ ಬುಟ್ಟಿಯೊಂದನ್ನೂ ತಂದ.

"ಒಳಬಟ್ಟೆ ಹರಿದಿದೆ, ಅತ್ತಿಗೆ. ಹಾಗೇ ತೋಳಿಗೂ ಜೇಬು ಹಾಕ್ಬಿಡಿ. ಸಂಜೆ ರೈಲಿಗೆ ಹೋಗ್ಬೇಕು." ಬುಟ್ಟಿಯನ್ನು ಮೇಜಿನ ಅಡಿಗೆ ತಳ್ಳಿ ಕೈಕಾಲು ತೊಳೆಯಲು ಒಳಗೆ ಹೋದ.

ಕೋಟು ಹುಳಿ ನಾರುತ್ತಿತ್ತು. ಒಳಗೆಲ್ಲ ಬಿಳಿ ಕಲೆಗಳು. ಎಲ್ಲಿ ಹರಿದಿದೆಯೆಂದು ನೋಡಲು ಜೇಬಿನೊಳಗೆ ಬೆರಳು ಹಾಕಿದಳು. ತಣ್ಣಗೆ, ಮೆತ್ತಗೆ ಏನೋ ತಾಗಿತು. ಎಳೆದಾಗ ಅಂಗೈಗೆ ಬಂದದ್ದು ಗುಬ್ಬಚ್ಚಿಯಷ್ಟೇ ಗಾತ್ರದ ಸತ್ತ ಗಿಳಿ. ಮೈಯೆಲ್ಲ ಹಸಿರು, ಬಾಲದ ಬುಡ ಮಾತ್ರ ಕಡುಗೆಂಪು. ಆ ಕೆಂಪು ಗರಿಗಳ ನಡುವೆ ಬಾಡಿದ ಎಲೆಯ ಸೀಳುಗಳು ಸಿಕ್ಕಿಕೊಂಡಿದ್ದವು, ಕತ್ತರಿ ಆಡಿಸಿದಷ್ಟು ನೇರ.

ಮುಖ ಒರೆಸುತ್ತ ಬಂದ ಮೈದುನ ಅವಳ ಅಂಗೈ ನೋಡಿ ನಿಂತುಬಿಟ್ಟ.

"ಇದೇನಾ ನಿನ್ನ ಅತ್ತರು?"

"ಬೆಳಿಗ್ಗೆ ಬುಟ್ಟಿಗೆ ಬಿಡೋವಾಗ ಒಂದು ಉಳಿದುಹೋಗಿದೆ, ಅಷ್ಟೇ. ಕಾಡಲ್ಲಿದ್ರೂ ಹಾವು ತಿನ್ನುತ್ತೆ, ಅತ್ತಿಗೆ. ಕೊಂಡವರ ಮನೇಲಿ ಕಾಳು, ನೀರು ಎಲ್ಲಾ ಇರುತ್ತೆ."

"ಕಾಡಲ್ಲೂ ಕಾಳೇ ತಿನ್ನುತ್ತಾ?"

ಅವನು ತಡವರಿಸಿದ. "ಇಲ್ಲ. ಹೂವಿನ ಜೇನು, ಮೆತ್ತಗಿನ ಹಣ್ಣು. ಬರೀ ಕಾಳು ಹಾಕಿದ್ರೆ ಹೆಚ್ಚು ದಿನ ಬಾಳಲ್ಲ. ಅದಕ್ಕೇ ಮತ್ತೆ ಮತ್ತೆ ತರಿಸ್ಕೊಳ್ತಾರೆ."

"ಈ ಎಲೆ?"

"ಹೆಣ್ಣು ಅದು. ಎಲೆ ಸೀಳಿ ಗರಿಯೊಳಗೆ ಸಿಕ್ಕಿಸ್ಕೊಂಡು ಹೋಗಿ ಮರದ ಪೊಟರೇಲಿ ಹಾಸುತ್ತೆ, ಮೊಟ್ಟೆ ಇಡೋಕೆ. ನಿಮ್ಮ ಥರಾನೇ ದರ್ಜಿ." ನಗಲು ನೋಡಿದ. ಅವಳ ಮುಖ ನೋಡಿ ನಗೆ ಅರ್ಧಕ್ಕೇ ನಿಂತಿತು. "ಹೊಟ್ಟೆಪಾಡು, ಅತ್ತಿಗೆ. ನಾನು ಬಿಟ್ರೆ ಇನ್ನೊಬ್ಬ ಹಿಡೀತಾನೆ."

"ಬಡಿಸ್ತೀನಿ, ಊಟ ಮಾಡು ಬಾ" ಎಂದಳು.

ಒಳಕೋಣೆಯಲ್ಲಿ ಅವನಿಗೆ ಬಡಿಸಿ ಹೊರಗೆ ಬಂದು ಬುಟ್ಟಿಯ ಬಟ್ಟೆ ಸರಿಸಿದಳು. ಮುಚ್ಚಳದ ಹೆಣಿಗೆಗೆ ಕಾಲು ಸಿಕ್ಕಿಸಿ ಗಿಳಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ಕೊಂಬೆಯಲ್ಲಿ ಜೋತುಬಿದ್ದ ಎಲೆಗಳ ಹಾಗೆ. ಎಲ್ಲವೂ ಸತ್ತಿವೆ ಎಂದುಕೊಂಡಳು. ಅಷ್ಟರಲ್ಲಿ ಒಂದು ಕಣ್ಣು ತೆರೆಯಿತು. ಅವು ಮಲಗುವುದೇ ಹಾಗಿರಬೇಕು. ತಳದಲ್ಲಿ ಬಿದ್ದಿದ್ದ ಕೆಲವು ಮಾತ್ರ ಅಲುಗಲಿಲ್ಲ.

ಅವಳು ಎದ್ದು ಒಳಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗಿನಿಂದ ಚಿಲಕ ಹಾಕಿದಳು. ಅರಣ್ಯ ಕಚೇರಿಯ ಕಾವಲುಗಾರರಿಗೆ ಸಮವಸ್ತ್ರ ಹೊಲಿದು ಕೊಡುತ್ತಿದ್ದವಳು ಅವಳೇ ಆದ್ದರಿಂದ ನಂಬರು ಫೋನಿನಲ್ಲೇ ಇತ್ತು. ಮಾತು ಮುಗಿಸಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ಅತ್ತಿಗೆ, ಚಿಲಕ ಯಾಕೆ ಹಾಕಿದ್ರಿ?"

ಬಾಗಿಲು ಒಮ್ಮೆ ಅದುರಿ ಸುಮ್ಮನಾಯಿತು. ಅವನು ಬಾಗಿಲ ಆಚೆ ಹತ್ತಿರದಲ್ಲೇ ಕೂತದ್ದು ಅವಳಿಗೆ ಕೇಳಿಸಿತು.

"ಫೋನು ಮಾಡಿದ್ರಲ್ವಾ?" ಅವನ ದನಿ ಕುಗ್ಗಿತ್ತು. "ನನ್ನ ಹೆಸರು ಹೇಳಿದ್ರಾ?"

"ನಿಂದೂ ಹೇಳಿದೀನಿ, ಜೇಬು ಹೊಲಿದವಳದ್ದೂ ಹೇಳಿದೀನಿ" ಎಂದಳು.