ಎಂಟು ಭೇಟಿಗಳ ಪುಸ್ತಕ

ಬಿಎಸ್ಸಿ ನರ್ಸಿಂಗ್ ಪದವಿ ಕೈಗೆ ಬರಬೇಕಾದರೆ ನಾಲ್ಕು ವರ್ಷ ಓದಿದರೆ ಸಾಲದು. ಇಷ್ಟು ಹೆರಿಗೆ ನೋಡಿರಬೇಕು, ಇಷ್ಟು ಹೆರಿಗೆ ಮಾಡಿಸಿರಬೇಕು, ಇಷ್ಟು ತಾಸು ವಾರ್ಡಿನಲ್ಲಿ ನಿಂತಿರಬೇಕು. ಪಾಠಕ್ಕೆ ನೂರಕ್ಕೆ ಎಂಬತ್ತು ಹಾಜರಿ ಇದ್ದರೆ ನಡೆದೀತು, ವಾರ್ಡಿಗೂ ಹಳ್ಳಿಗೂ ಮಾತ್ರ ನೂರಕ್ಕೆ ನೂರು ಇರಲೇಬೇಕು. ಮಾಡಿದ್ದಕ್ಕೆಲ್ಲ ಒಂದೊಂದು ಪುಸ್ತಕ, ಪುಸ್ತಕಕ್ಕೆಲ್ಲ ಒಂದೊಂದು ಸಹಿ. ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಹೀಗಾಗಿ ಶಿರಸಿಯ ಆ ಕಾಲೇಜಿನಲ್ಲಿ ಮಾರ್ಚ್ ಬಂತೆಂದರೆ ರೋಗಿಗಳಿಗಿಂತ ಪುಸ್ತಕಗಳ ಆರೈಕೆಯೇ ಹೆಚ್ಚು. ಹುಡುಗಿಯರು ಸ್ಕೆಚ್ ಪೆನ್ನು, ಸ್ಕೇಲು ಹಿಡಿದು ಹಾಸ್ಟೆಲಿನ ನೆಲದ ಮೇಲೆ ಕೂತುಬಿಡುತ್ತಾರೆ. ಹೊರಗಿನವರು ನೋಡಿದರೆ ಇದೇನು ಚಿತ್ರಕಲೆಯ ಶಾಲೆಯೋ ಅಂದುಕೊಳ್ಳಬೇಕು, ಹಾಗಿರುತ್ತದೆ ಸಡಗರ.

ಈ ಪುಸ್ತಕಗಳಲ್ಲೆಲ್ಲ ದಪ್ಪನೆಯದು ಕುಟುಂಬ ಅಧ್ಯಯನದ ಪುಸ್ತಕ. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿನಿಯೂ ಯಾವುದಾದರೂ ಹಳ್ಳಿಯ ಒಂದು ಮನೆಯನ್ನು ಹಿಡಿದುಕೊಂಡು ಎಂಟು ಗುರುವಾರ ಅಲ್ಲಿಗೆ ಹೋಗಬೇಕು. ಮನೆಯವರ ಬಿಪಿ ನೋಡಬೇಕು, ಊಟ ಕೇಳಬೇಕು, ಬುದ್ಧಿ ಹೇಳಬೇಕು, ಬಂದು ಬರೆಯಬೇಕು. ಆ ಮನೆಯಲ್ಲೊಂದು ಹಳದಿ ಕಾರ್ಡು ಇಟ್ಟು, ಹೋದಾಗಲೆಲ್ಲ ತಾರೀಖು ಹಾಕಿ ಬಿಪಿ ಬರೆದು ಬರಬೇಕು. ಇದನ್ನೆಲ್ಲ ನೋಡಿ ಸಹಿ ಹಾಕುವ ಕೆಲಸ ಮಹೇಶ್ವರಿಯದು. ಅವಳು ಇದೇ ಕಾಲೇಜಿನಲ್ಲಿ ಓದಿ, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ, ಎರಡು ವರ್ಷದ ಹಿಂದೆ ಇಲ್ಲಿಗೇ ಟ್ಯೂಟರ್ ಆಗಿ ಬಂದವಳು. ಊರು ಬನವಾಸಿ ಕಡೆ. ಮಾತಿನಲ್ಲಿ ಇನ್ನೂ ಆ ಕಡೆಯ ಸೊಗಡು ಉಳಿದಿತ್ತು.

ಆ ಸೋಮವಾರ ಕಾವ್ಯಶ್ರೀ ಎಂಬ ಹುಡುಗಿ ತನ್ನ ಪುಸ್ತಕ ತಂದಿಟ್ಟಳು. ಸಿದ್ದಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು, ಪಿಯುಸಿ ಓದಿದ, ಮಾತು ಕಡಿಮೆಯ ಹುಡುಗಿ. ನರ್ಸಿಂಗ್ ಯಾಕೆ ಸೇರಿದೆ ಎಂದು ಒಮ್ಮೆ ತರಗತಿಯಲ್ಲಿ ಕೇಳಿದಾಗ, ಸಣ್ಣವಳಿದ್ದಾಗ ನಮ್ಮಮ್ಮನ ಬಿಪಿ ನೋಡಲು ಒಬ್ಬರು ಸಿಸ್ಟರ್ ಮನೆಗೆ ಬರುತ್ತಿದ್ದರು, ಅವರ ವಿಷಯ ಅಮ್ಮ ಹೇಳುವುದನ್ನು ಕೇಳಿ ಆಸೆಯಾಯಿತು ಅಂದಿದ್ದಳು. ಮಹೇಶ್ವರಿಗೆ ಆ ಉತ್ತರ ಬಹಳ ಹಿಡಿಸಿತ್ತು. ಯಾವ ಊರು, ಯಾವ ಸಿಸ್ಟರ್ ಎಂದು ಮಾತ್ರ ಕೇಳಿರಲಿಲ್ಲ.

ಪುಸ್ತಕದಲ್ಲಿ ಐದೇ ಭೇಟಿ ಇದ್ದವು. ಉಳಿದ ಮೂರು ಪುಟಗಳಲ್ಲಿ ತಾರೀಖು ಬರೆದು, ಕೆಳಗೆ ‘ಬಾಗಿಲು ಹಾಕಿತ್ತು’ ಎಂದಷ್ಟೇ ಬರೆದಿದ್ದಳು. ಅವಳು ಹಿಡಿದ ಮನೆ ಯಲ್ಲಾಪುರ ತಾಲೂಕಿನ ವಜ್ರಳ್ಳಿಯ ಬೈರನದು. ಬೈರನ ಹೆಂಡತಿ ಮಗಳ ಬಾಣಂತನಕ್ಕೆಂದು ಅರಬೈಲಿಗೆ ಹೋಗಿ ಕೂತಿದ್ದಳಂತೆ, ಬೈರ ಹಗಲೆಲ್ಲ ಕೆಲಸಕ್ಕೆ ಹೊರಗೆ. ಕಾವ್ಯಶ್ರೀ ಮೂರು ಗುರುವಾರವೂ ಎರಡೆರಡು ಬಸ್ಸು ಬದಲಿಸಿ ಹೋಗಿ, ಚಿಲಕ ನೋಡಿಕೊಂಡು ತಿರುಗಿ ಬಂದಿದ್ದಳು.

"ಎಂಟು ಅಂದ್ರ ಎಂಟವಾ. ಐದಕ್ಕ ಸಹಿ ಹಾಕಾಕ ಬರೂದಿಲ್ಲ," ಅಂದಳು ಮಹೇಶ್ವರಿ.

"ಮತ್ತೆಂತ ಮಾಡೂದು ಮೇಡಂ? ನಾ ಹೋಗಿದ್ದೆ. ಅವ್ರು ಮನೆಯಾಗೆ ಇರ್ಲಿಲ್ಲ."

ಏನು ಮಾಡಬೇಕು ಎಂಬುದು ಆ ಕಾಲೇಜಿನ ಗೋಡೆಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಶನಿವಾರದೊಳಗೆ ಕೂತು ಪೂರ್ತಿ ಮಾಡಿಕೊಂಡು ಬಾ ಅಂದುಬಿಟ್ಟರೆ, ಅರ್ಥ ಮಾಡಿಕೊಳ್ಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಮಹೇಶ್ವರಿಯೂ ಹಾಗೇ ಅಂದಳು. ಹುಡುಗಿ ಮಿಕಮಿಕ ನೋಡುತ್ತ ನಿಂತಿದ್ದಕ್ಕೆ, ಗಾಜಿನ ಕಪಾಟು ತೆಗೆದು ಹಸಿರು ರೆಕ್ಸಿನ್ ಹೊದಿಕೆಯ ಒಂದು ಪುಸ್ತಕ ಕೊಟ್ಟು, ಹೇಗೆ ಬರೆಯಬೇಕು ಎಂದು ಇದರಲ್ಲಿ ನೋಡಿಕೋ ಅಂದಳು.

ಅದು ಅವಳದೇ ಪುಸ್ತಕ. ಏಳು ವರ್ಷದ ಹಿಂದಿನದು. ಐವತ್ತಕ್ಕೆ ನಲವತ್ತೊಂಬತ್ತು ಅಂಕ ಬಿದ್ದು, ಕಾಲೇಜಿಗೇ ಮಾದರಿಯಾಗಿ ಕಪಾಟು ಸೇರಿದ ಪುಸ್ತಕ. ಆಗ ಅಪ್ಪ ಕಲ್ಲಯ್ಯ ಊರಲ್ಲಿ ಪೇಢೆ ಹಂಚಿದ್ದ. ಅಂದಿನಿಂದ ವರ್ಷಕ್ಕೆ ನಲವತ್ತು ಹುಡುಗಿಯರು ಅದನ್ನು ತಿರುವಿ ಹಾಕಿದ್ದರು. ಎಲ್ಲರೂ ಪುಟದ ಸುತ್ತಲಿನ ಬಣ್ಣದ ಬಾರ್ಡರ್ ನೋಡಿದವರೇ, ಒಳಗೆ ಬರೆದದ್ದನ್ನು ಓದಿದವರು ಒಬ್ಬರೂ ಇಲ್ಲ.

ಹುಡುಗಿ ಹೋದ ಮೇಲೆ ಮಹೇಶ್ವರಿಗೆ ಯಾಕೋ ಕಸಿವಿಸಿಯಾಯಿತು. ಆ ಪುಸ್ತಕ ಕೈಗೆತ್ತಿಕೊಂಡಾಗಲೆಲ್ಲ ಆಗುವ ಕಸಿವಿಸಿಯೇ ಅದು. ಆದರೆ ಈ ಸಲ ಬೇಗ ಹೋಗಲಿಲ್ಲ.

ಅವಳಿಗೆ ಆಗ ಸಿಕ್ಕಿದ್ದು ಸಿದ್ದಾಪುರ ತಾಲೂಕಿನ ಹೇರೂರಿನ ಒಂದು ಮನೆ. ಯಜಮಾನನ ಹೆಸರು ಹುಚ್ಚ, ಹೆಂಡತಿ ದುರ್ಗಿ. ದುರ್ಗಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು, ನಲವತ್ತು ದಾಟಿದ ಗಟ್ಟಿ ಹೆಂಗಸು. ಮಾತಿಗೆ ಮುಂಚೆ ನಗು. ಮೊದಲ ಗುರುವಾರ ಬಿಪಿ ನೂರೈವತ್ತು ಇತ್ತು. ಎರಡನೇ ವಾರ ಇನ್ನಷ್ಟು ಏರಿತ್ತು. ಮೂರನೇ ವಾರ ಪಟ್ಟಿ ಕಟ್ಟಿ ನೋಡಿದರೆ ನೂರ ಅರವತ್ತೆಂಟು, ಕೆಳಗಿನದು ನೂರ ನಾಲ್ಕು. ಮಹೇಶ್ವರಿ ಇನ್ನೊಮ್ಮೆ ನೋಡಿದಳು. ಅಷ್ಟೇ ಇತ್ತು. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಬೇಕು, ಮಾತ್ರೆ ಶುರು ಮಾಡಬೇಕು ಎಂದು ಪರಿಪರಿಯಾಗಿ ಹೇಳಿದಳು. ದುರ್ಗಿ ಜಪ್ಪಯ್ಯ ಅನ್ನಲಿಲ್ಲ. ತಲೆನೋವು ಒಲೆಯ ಹೊಗೆಗೆ ಬರುವುದು, ಮಕ್ಕಳಿಗೆ ಊಟ ಬಡಿಸುವವರು ಯಾರು ಎಂದೆಲ್ಲ ನೆವ ಹೇಳಿ, ಕಡೆಗೆ ನಿಜ ಬಾಯಿಬಿಟ್ಟಳು.

"ಆಸ್ಪತ್ರೆ ಅಂದ್ರೆ ನಂಗೆ ಹೆದ್ರಿಕೆ ತಂಗಿ. ನೀ ಬಂದ್ರೆ ನಿನ್ ಸಂಗಡ ಬತ್ತೆ."

"ಬರೂ ಗುರುವಾರ ನಾನೇ ಕರಕೊಂಡು ಹೋಗ್ತೀನಿ, ತಯಾರಾಗಿರ್ರಿ," ಎಂದು ಮಾತು ಕೊಟ್ಟು ಮಹೇಶ್ವರಿ ಬಸ್ಸು ಹತ್ತಿದ್ದಳು. ಆ ಮಾತು ಕೊಡುವಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷ ನೆನಪಿಟ್ಟುಕೊಳ್ಳುವ ಕರ್ಮವೂ ಇರುತ್ತಿರಲಿಲ್ಲ.

ಆ ವಾರ ಆಗಿದ್ದಿಷ್ಟೆ. ಪುಸ್ತಕ ಒಪ್ಪಿಸುವ ತಾರೀಖನ್ನು ಮೊದಲಿಗಿಂತ ಬೇಗ ಇಟ್ಟರು. ನೂರಿಪ್ಪತ್ತು ಪುಟ ಬರೆಯಬೇಕು, ಮನೆಯ ನಕ್ಷೆ ಬೇಕು, ವಂಶವೃಕ್ಷ ಬೇಕು, ಊಟದ ಪಟ್ಟಿ ಬೇಕು, ಎಲ್ಲಕ್ಕೂ ಬಣ್ಣ ಬೇಕು. ಅವಳು ಬರೆದ ನಕ್ಷೆಯಲ್ಲಿ ಗೆರೆ ಸೊಟ್ಟಗಿದೆಯೆಂದು ಆಗಿನ ಸರ್ ಪುಟವನ್ನೇ ಹರಿದು ಕೊಟ್ಟರು. ಹೀಗಾಗಿ ನಾಲ್ಕನೇ ಗುರುವಾರ ಬೆಳಗಿನಿಂದ ಸಂಜೆಯ ತನಕ ಮಹೇಶ್ವರಿ ಹಾಸ್ಟೆಲಿನಲ್ಲಿ ಕೂತು ದುರ್ಗಿಯ ಮನೆ ಬರೆದಳು. ಬಾವಿ, ಕೊಟ್ಟಿಗೆ, ತುಳಸಿಕಟ್ಟೆ, ಬಚ್ಚಲಿನ ನೀರು ಹರಿದುಹೋಗುವ ದಾರಿ, ಒಂದನ್ನೂ ಬಿಡಲಿಲ್ಲ. ದುರ್ಗಿಯ ಮನೆಯನ್ನು ಚೆಂದಗಾಣಿಸುವ ಭರದಲ್ಲಿ ದುರ್ಗಿಯ ಮನೆಗೆ ಹೋಗುವುದೇ ತಪ್ಪಿತು. ಐದನೇ ಗುರುವಾರವೂ ಹೀಗೇ ಹೋಯಿತು. ಆಮೇಲೆ ಹೋಗಲು ಮುಖವಿರಲಿಲ್ಲ.

ಹೋಗದ ಐದು ವಾರಗಳನ್ನು ಅವಳು ಒಂದೇ ದಿನ ಕೂತು ತುಂಬಿದಳು. ಬುದ್ಧಿ ಹೇಳಿದ್ದರ ಫಲವಾಗಿ ಬಿಪಿ ಇಳಿದಿದೆ ಎಂದು ತೋರಿಸಿದರೆ ಅಂಕ ಹೆಚ್ಚು. ಆದ್ದರಿಂದ ವಾರವಾರವೂ ಒಂದಿಷ್ಟು ಇಳಿಸುತ್ತ ಬಂದು, ಎಂಟನೇ ಭೇಟಿಗೆ ನೂರಿಪ್ಪತ್ನಾಲ್ಕಕ್ಕೆ ತಂದು ನಿಲ್ಲಿಸಿದಳು. ಹಸಿರು ಶಾಯಿಯಲ್ಲಿ ಗ್ರಾಫ್ ಬರೆದು, ಕೆಳಗೆ ‘ಗುರಿ ಈಡೇರಿದೆ’ ಎಂದು ಬರೆದಳು. ಸರ್ ಬೆನ್ನು ತಟ್ಟಿದರು.

ಆಮೇಲೆ ಪರೀಕ್ಷೆ, ಪದವಿ, ಹುಬ್ಬಳ್ಳಿ. ಹೆಂಗಸು ಗಟ್ಟಿಯಾಗಿದ್ದಳು, ಯಾರಾದರೂ ಕರೆದುಕೊಂಡು ಹೋಗಿ ತೋರಿಸಿರುತ್ತಾರೆ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಒಂದೆರಡು ಸಲ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಇಳಿಯಬಹುದಿತ್ತು. ಇಳಿದರೆ ತಿಳಿಯುತ್ತದೆ ಎಂದೇ ಇಳಿದಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಕಾವ್ಯಶ್ರೀ ಬಂದಳು. ಹಸಿರು ಪುಸ್ತಕವನ್ನು ಮೇಜಿನ ಮೇಲಿಟ್ಟು, ಪರ್ಸಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಹಳದಿ ಕಾರ್ಡು ತೆಗೆದು ಅದರ ಪಕ್ಕ ಇಟ್ಟಳು. ಕಾರ್ಡಿನ ಮೂಲೆಗಳು ಸವೆದಿದ್ದವು. ಮೂರು ಸಾಲಿನಲ್ಲಿ ತಾರೀಖು, ಅಂಕಿ, ಮೊಟಕು ಸಹಿ ಇದ್ದವು. ಕೆಳಗಿನ ಐದು ಸಾಲು ಖಾಲಿ.

ಮಹೇಶ್ವರಿಗೆ ತನ್ನ ಅಕ್ಷರ ಗುರುತು ಸಿಕ್ಕಿತು. ಪುಸ್ತಕದ ಮೊದಲ ಪುಟದಲ್ಲಿ ಅವಳೇ ಬರೆದಿದ್ದಳು, ‘ಮಗಳು, ಹದಿನಾಲ್ಕು ವರ್ಷ, ಎಂಟನೇ ತರಗತಿ’ ಎಂದು. ದುರ್ಗಿ ಬಿಸಿಯೂಟ ಮುಗಿಸಿ ಮನೆಗೆ ಬಂದ ಮೇಲೆ, ಶಾಲೆ ಬಿಡುವ ಮುಂಚೆಯೇ ಹೋಗಿಬರುತ್ತಿದ್ದುದರಿಂದ ಆ ಮಗಳನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ.

"ದುರ್ಗಿ ನಿಮ್ಮವ್ವ ಏನು?" ಎಂದು ಕೇಳಿದಳು. ಕೇಳುವ ಅಗತ್ಯವೇನೂ ಇರಲಿಲ್ಲ.

ಹುಡುಗಿ ತಲೆಯಾಡಿಸಿದಳು. ಅಳಲಿಲ್ಲ, ದನಿ ಏರಿಸಲಿಲ್ಲ. ಪುಸ್ತಕ ತೆರೆದು, ಏಳನೇ ಭೇಟಿಯ ಪುಟ ಹುಡುಕಿ, ತಾರೀಖಿನ ಮೇಲೆ ಬೆರಳಿಟ್ಟಳು.

"ಫೆಬ್ರವರಿ ಹದಿನಾಲ್ಕಕ್ಕೆ ನೂರಿಪ್ಪತ್ತೆಂಟು, ಎಂಬತ್ತೆರಡು ಅಂತ ಬರ್ದಿದೀರಿ ಮೇಡಂ. ತಲೆನೋವಿಲ್ಲ, ನಿದ್ದೆ ಚೊಲೊ ಬರ್ತದೆ, ಉಪ್ಪು ಕಡಿಮೆ ಮಾಡಿದಾಳೆ ಅಂತ ಬರ್ದಿದೀರಿ." ತಾರೀಖಿನ ಮೇಲಿನ ಬೆರಳನ್ನು ಅವಳು ತೆಗೆಯಲಿಲ್ಲ. "ಅವತ್ತು ಅಮ್ಮನ ಹನ್ನೊಂದರ ದಿನ."

ಕಾವ್ಯಶ್ರೀಯೇ ಉಳಿದದ್ದನ್ನು ಹೇಳಿದಳು. ಫೆಬ್ರವರಿ ನಾಲ್ಕರ ಸೋಮವಾರ, ಶಾಲೆಯ ಅಡುಗೆಮನೆಯಲ್ಲಿ ಅನ್ನ ಬಸಿಯುವಾಗ ದುರ್ಗಿ ಕುಸಿದಿದ್ದಳು. ಸಿದ್ದಾಪುರ ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು, ಸಂಜೆಯ ಹೊತ್ತಿಗೆ ಉಸಿರೂ ನಿಂತಿತ್ತು. ತಲೆಯೊಳಗೆ ರಕ್ತನಾಳ ಒಡೆದಿದೆ, ಬಿಪಿ ಇತ್ತೇನು ಎಂದು ಡಾಕ್ಟರು ಕೇಳಿದಾಗ ಹುಚ್ಚ ಈ ಕಾರ್ಡು ತೋರಿಸಿದ್ದನಂತೆ. ಇಷ್ಟು ಇದ್ದರೂ ಕರೆದುಕೊಂಡು ಬರಲಿಲ್ಲವೇ ಎಂದು ಡಾಕ್ಟರು ಅವನನ್ನೇ ಬೈದಿದ್ದರು. ಅವನು ಆ ಬೈಗುಳವನ್ನು ಇವತ್ತಿಗೂ ಹೊತ್ತುಕೊಂಡು ತಿರುಗುತ್ತಿದ್ದ, ತನ್ನದೇ ತಪ್ಪು ಎಂದು.

ಗೋಡೆಯಾಚೆ ಹುಡುಗಿಯರು ತಟ್ಟೆ ತೊಳೆಯುತ್ತಿದ್ದರು. ಮಹೇಶ್ವರಿಗೆ ಕ್ಷಮೆ ಕೇಳಬೇಕೆನ್ನಿಸಿತು, ಆದರೆ ಯಾವ ಶಬ್ದವನ್ನು ಬಾಯಿಗೆ ತಂದರೂ ಅದು ಆ ಹಸಿರು ಗ್ರಾಫಿನ ಹಾಗೆ ಚೆಂದವಾಗಿ ಕಾಣುತ್ತಿತ್ತು.

"ಈಗ ಹೇಳಿ ಮೇಡಂ," ಅಂದಳು ಕಾವ್ಯಶ್ರೀ. "ನಾನೂ ಆ ಮೂರು ಭೇಟಿ ತುಂಬ್ಬೇಕಾ?"

"ಬ್ಯಾಡವಾ," ಅಂದಳು ಮಹೇಶ್ವರಿ. "ತುಂಬಬ್ಯಾಡ."

ಅವಳು ಪೆನ್ನು ತೆಗೆದುಕೊಂಡು ಹಸಿರು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ನಾಲ್ಕನೇ ಭೇಟಿಯಿಂದ ಎಂಟನೆಯದರ ತನಕ ಪ್ರತಿ ಪುಟಕ್ಕೂ ಅಡ್ಡಗೆರೆ ಎಳೆದು, ‘ಹೋಗಿಲ್ಲ’ ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿ ಇವತ್ತಿನ ತಾರೀಖು ಬರೆದಳು. ಸ್ಕೇಲು ಇಡಲಿಲ್ಲ, ಗೆರೆಗಳು ಸೊಟ್ಟಗೇ ಬಂದವು. ಪುಸ್ತಕವನ್ನು ಸಂಜೆಯೊಳಗೆ ಪ್ರಿನ್ಸಿಪಾಲರ ಮೇಜಿಗೆ ಮುಟ್ಟಿಸುತ್ತೇನೆ, ಅವರು ಏನು ಮಾಡುತ್ತಾರೋ ಮಾಡಲಿ ಅಂದಳು. ಕೆಲಸ ಹೋಗಬಹುದು, ಪದವಿಯ ಮೇಲೂ ಮಾತು ಬರಬಹುದು. ಅವಳಿಗೆ ಅದೆಲ್ಲ ಗೊತ್ತಿತ್ತು. ಹೇರೂರಿಗೆ ಹೋಗಿ ಹುಚ್ಚನ ಎದುರು ನಿಂತು, ತಪ್ಪು ನಿಮ್ಮದಲ್ಲ ಎಂದು ಹೇಳುವುದು ಇದಕ್ಕಿಂತ ಕಷ್ಟವೆಂಬುದೂ ಗೊತ್ತಿತ್ತು. ಏಳು ವರ್ಷ ತಡವಾಗಿ ಇಳಿಯಬೇಕಾದ ಬಸ್ಸು ಅದು.

ಕಾವ್ಯಶ್ರೀಯ ಪುಸ್ತಕಕ್ಕೆ, ಐದು ಭೇಟಿ ಮಾತ್ರ ಆಗಿವೆ, ಉಳಿದದ್ದಕ್ಕೆ ಸಮಯ ಕೊಡಬೇಕು ಎಂದು ಬರೆದು ಸಹಿ ಹಾಕಿದಳು. ಸಮಯ ಕೊಡದಿದ್ದರೆ ನಿನ್ನ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಗುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಹುಡುಗಿ, ಹೋದರೆ ಹೋಗಲಿ, ಬೈರನ ಹೆಂಡತಿ ಈ ಗುರುವಾರ ಮನೆಯಲ್ಲಿರುತ್ತಾಳಂತೆ, ನಾನು ವಜ್ರಳ್ಳಿಗೆ ಹೋಗುತ್ತೇನೆ ಅಂದಳು. ಹಳದಿ ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡಳು.

ಅವಳು ಬಾಗಿಲ ತನಕ ಹೋದ ಮೇಲೆ ಮಹೇಶ್ವರಿಗೆ ತಡೆಯಲಾಗಲಿಲ್ಲ. ನಾನು ಬರದಿದ್ದ ಆ ಗುರುವಾರ ನಿಮ್ಮವ್ವ ಏನಂದಳು ಎಂದು ಕೇಳಿದಳು. ಬೈದಿದ್ದರೆ ಅದನ್ನಾದರೂ ಕೇಳಿಸಿಕೊಂಡು ತಲೆ ತಗ್ಗಿಸಬಹುದು ಎಂಬ ಆಸೆ ಅವಳಿಗಿತ್ತು.

"ಶಾಲೆಗೆ ರಜೆ ಹಾಕಿ, ಮದ್ವೆ ಮನೆಗೆ ಉಡೋ ಸೀರೆ ಉಟ್ಕಂಡು ಕಟ್ಟೆ ಮೇಲೆ ಕುಂತಿದ್ಲು," ಅಂದಳು ಕಾವ್ಯಶ್ರೀ. "ಮುಂದಿನ ಗುರುವಾರನೂ ಹಂಗೇ ಕುಂತಿದ್ಲು. ಸಂಜೆ ನಾ ಶಾಲೆಯಿಂದ ಬಂದಾಗ ಸೀರೆ ಮಡಚ್ತಾ ಇದ್ಲು. ಸಿಸ್ಟರ್ ಬಂದಿಲ್ವಾ ಅಂತ ಕೇಳ್ದೆ. ‘ಪಾಪ, ಹುಡುಗಿಗೆ ಪರೀಕ್ಷೆ ಇರ್ಬೇಕು, ಓದ್ಕಳ್ಲಿ’ ಅಂದ್ಲು."